ಅಜ್ಜನ ದನಿಯಲ್ಲಿ ಹೇಳಿದ ಮಾತು

ಮಂದಿಯ ದನಿ ತೆಗೆಯುವುದೊಂದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಬಿ.ಕಾಂ. ಆಗಿದೆ, ಅದು ಬೇರೆ ಮಾತು. ನನ್ನ ಅಂಕಪಟ್ಟಿ ನೋಡಿದವರು ಅದನ್ನೂ ಮಿಮಿಕ್ರಿ ಎಂದೇ ತಿಳಿಯುತ್ತಾರೆ. ದಾಂಡೇಲಿಯ ನಮ್ಮ ಓಣಿಯಲ್ಲಿ ನಾನು ಬಿಟ್ಟ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ. ಹಳಿಯಾಳ ಬಸ್ಸಿನ ಕಂಡಕ್ಟರ್, ಮಂಗಟ್ಟೆ ಹಕ್ಕಿಯ ರೆಕ್ಕೆಯ ಸಪ್ಪಳ, ಪಕ್ಕದ ಮನೆಯ ಚಾಚಿ ಗ್ಯಾರೇಜಿನಿಂದ ತಡವಾಗಿ ಬಂದ ಗಂಡನನ್ನು ಬಾಗಿಲಲ್ಲೇ ವಿಚಾರಿಸಿಕೊಳ್ಳುವ ರೀತಿ, ಎಲ್ಲ ಬರುತ್ತಿತ್ತು. ಒಮ್ಮೆ ಚಾಚಿಯ ದನಿಯಲ್ಲಿ ಕರೆದಾಗ ಚಾಚಾ ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಕೆಳಗಿಟ್ಟು "ಆಯಾ, ಆಯಾ" ಎನ್ನುತ್ತ ಓಡಿಬಂದಿದ್ದರು. ಅದಾದ ಮೇಲೆ ಎಂಟು ದಿನ ನಾನು ಆ ಗ್ಯಾರೇಜಿನ ಮುಂದೆ ಹಾಯಲಿಲ್ಲ.

ಮನೆಯಲ್ಲಿ ನನ್ನ ಹೆಸರು ಮಂಗ್ಯಾ. ಇಟ್ಟವಳು ಆಯಿ, ಅಪ್ಪನ ತಾಯಿ.

ಆಯಿಗೆ ಮರೆವು ಶುರುವಾದದ್ದು ಅಜ್ಜ ತೀರಿಕೊಂಡ ಮರುವರ್ಷ. ಮೊದಮೊದಲು ಒಲೆಯ ಮೇಲೆ ಹಾಲು ಮರೆತಳು, ಆಮೇಲೆ ಒಲೆಯನ್ನೇ ಮರೆತಳು. ಅಪ್ಪನದು ಮಿಲ್ಲಿನಲ್ಲಿ ಪಾಳಿ ಕೆಲಸ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಬೆಳಿಗ್ಗೆ ಆಯಿಗೆ ಜಳಕ ಮಾಡಿಸಿ, ಲಿಂಗಪೂಜೆಗೆ ಕೂಡಿಸಿ, ರೊಟ್ಟಿ ಬಡಿದಿಟ್ಟು ಹೋದರೆ ಸಂಜೆಯೇ ಬರುವುದು. ಉಳಿದವನು ನಾನು. ಯಾರೂ ಕೂತು ನಿರ್ಧರಿಸಲಿಲ್ಲ. "ಹೆಂಗೂ ಮನ್ಯಾಗ ಅದಿಯಲ್ಲ, ಸ್ವಲ್ಪ ನೋಡಕೋ" ಎಂದು ಅವ್ವ ಒಂದು ಸೋಮವಾರ ಅಂದಳು. ಆ "ಸ್ವಲ್ಪ" ಎರಡು ವರ್ಷವಾಯಿತು.

ಮೊದಲ ಕಷ್ಟ ಊಟದ್ದು. ನಮ್ಮ ಮನೆಯಲ್ಲಿ ಅಜ್ಜ ಉಂಡ ಮೇಲೆಯೇ ಆಯಿ ಉಣ್ಣುತ್ತಿದ್ದದ್ದು. ಇದನ್ನು ಅವಳ ಮೇಲೆ ಯಾರೂ ಹೇರಿದಂತೆ ಕಾಣುತ್ತಿರಲಿಲ್ಲ. ತೇರಗಾಂವದ ತವರಿನಿಂದ ಬರುವಾಗಲೇ ಟ್ರಂಕಿನ ಜೊತೆ ತಂದಿದ್ದಳು. ಅಜ್ಜ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಅಳೆಯುತ್ತಿದ್ದವನು. ರಾಶಿಯ ಈ ತುದಿಯಿಂದ ಆ ತುದಿಗೆ ಅಳತೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಓಣಿಗೆಲ್ಲ ಕೇಳಿಸುತ್ತಿತ್ತು. ಉಂಡು ಬಚ್ಚಲಿಗೆ ಹೋಗಿ ಕೈ ತೊಳೆಯುತ್ತ, ಗಂಟಲನ್ನು ಎರಡು ಸಲ ಗರಗಸದ ಹಾಗೆ ಕೆರೆದು, ಅಲ್ಲಿಂದಲೇ ಕೂಗುತ್ತಿದ್ದ: "ನಂದಾತು, ನೀ ಉಣ್ಣು." ಆ ಮಾತು ಬಿದ್ದ ಮೇಲೆ ಆಯಿ ತನ್ನ ತಾಟು ಎಳೆದುಕೊಳ್ಳುತ್ತಿದ್ದಳು. ಐವತ್ತು ವರ್ಷಕ್ಕೂ ಮಿಕ್ಕಿ ಹೀಗೇ ನಡೆದಿತ್ತು.

ಮರೆವು ಬಂದ ಮೇಲೆ ಅವಳಿಗೆ ಅಜ್ಜನ ಸಾವು ಮರೆತುಹೋಯಿತು, ಆ ಕ್ರಮ ಮರೆಯಲಿಲ್ಲ. ತಾಟಿನ ಮುಂದೆ ಕೂತು ಕಾಯುವಳು.

"ಉಣ್ಣ ಆಯಿ, ರೊಟ್ಟಿ ಒಣಗಾಕತ್ತೈತಿ."

"ಅವರದಾಗ್ಲಿ ತಡಿ."

"ಅಜ್ಜ ಇಲ್ಲಲ್ಲ ಆಯಿ. ತೀರ್ಕೊಂಡು ಭಾಳ ದಿನಾತು."

ಈ ಮಾತನ್ನು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಅವಳು ಅದನ್ನು ಆಗಷ್ಟೇ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. "ನನಗ ಯಾಕ ಯಾರೂ ಹೇಳಲಿಲ್ಲೋ" ಎಂದಳು. ಮೂರನೆಯ ಸಲ ಹೇಳುವ ಧೈರ್ಯ ನನಗಿರಲಿಲ್ಲ. ಒಂದು ದಿನ ಮಧ್ಯಾಹ್ನ ಮೂರಾದರೂ ತುತ್ತು ಮುಟ್ಟಲಿಲ್ಲ. ಗುಳಿಗೆ ಉಂಡ ಮೇಲೆ ನುಂಗುವಂಥವು. ನನಗೂ ಹಸಿವೆ. ಕೈ ತೊಳೆಯಲು ಬಚ್ಚಲಿಗೆ ಹೋದವನು ನಲ್ಲಿ ಬಿಟ್ಟು, ಗಂಟಲು ಎರಡು ಸಲ ಕೆರೆದು, ಅಂದೇಬಿಟ್ಟೆ:

"ನಂದಾತು, ನೀ ಉಣ್ಣು."

ಒಳಗೆ ತಾಟು ಎಳೆದುಕೊಂಡ ಸಪ್ಪಳ. ಇಣುಕಿ ನೋಡಿದರೆ ಆಯಿ ಸೆರಗು ಸರಿಮಾಡಿಕೊಂಡು ರೊಟ್ಟಿ ಮುರಿಯುತ್ತಿದ್ದಳು. ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಚಾಚಿ ಮಾತ್ರ ಬಕೆಟ್ ಬಿಟ್ಟು ನಿಂತಿದ್ದರು.

"ಯಾ ಅಲ್ಲಾ! ಮುದುಕಾ ವಾಪಸ್ ಬಂದ್ನೇನೋ?"

"ನಾನ್ರಿ ಚಾಚಿ."

"ನೀನಾ? ತೋಬಾ ತೋಬಾ. ನನ್ನ ಜೀವಾನ ಹೋಗಿತ್ತು. ಅವರ ಕಡೆ ನಮ್ಮ ಒಂದ ಕೊಡಲಿ ಐತಿ, ಅದನ್ನ ಕೇಳಾಕ ಬಾಯಿ ತೆಗೆದಿದ್ದೆ ನೋಡು."

ಅಂದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಮೌಳಂಗಿಯ ಕಡೆ ಪ್ರವಾಸಿಗರ ಮುಂದೆ ನಾಲ್ಕೈದು ಕಾರ್ಯಕ್ರಮ ಕೊಟ್ಟಿದ್ದೆ. ಅಲ್ಲಿ ಯಾರ ಚಪ್ಪಾಳೆಯೂ ಈ ಅರ್ಧ ರೊಟ್ಟಿಗೆ ಸಮವಾಗಿರಲಿಲ್ಲ. ಸಂಜೆ ಅವ್ವನಿಗೆ ಮಾಡಿ ತೋರಿಸಿದೆ, ಅವಳು ನಕ್ಕಳು, ಕಣ್ಣೊರೆಸಿಕೊಂಡಳು. ಅಪ್ಪ ಆಗ ಪಾಳಿ ಮುಗಿಸಿ ಬಾಗಿಲಿಗೆ ಬಂದವನು ಚಪ್ಪಲಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ. "ಸತ್ತವರ ದನಿ ತಗೀಬ್ಯಾಡ" ಎಂದ. ಅಷ್ಟೇ. ಅಲ್ಲಿಂದ ನಾನು ಅಪ್ಪ ಮನೆಯಲ್ಲಿ ಇಲ್ಲದಾಗ ಮಾತ್ರ ತೆಗೆಯುತ್ತಿದ್ದೆ. ಅವನು ಮನೆಯಲ್ಲಿದ್ದ ದಿನ ಆಯಿಯ ಊಟ ಅರ್ಧಕ್ಕರ್ಧ, ಅವನು ಹೊರಗೆ ಹೋದಾಗ ಉಂಡದ್ದಷ್ಟೇ. ಅಪ್ಪ ಅದನ್ನು ಹಸಿವೆ ಇಲ್ಲವೆಂದು ತಿಳಿದ. ನಾವು ತಿಳಿಸಲಿಲ್ಲ.

ಒಂದು ಮಾತಿನಿಂದ ಶುರುವಾದದ್ದು ಬರಬರುತ್ತ ಬೆಳೆಯಿತು. ಗುಳಿಗೆ ನುಂಗಲು ಅಜ್ಜ ಹೇಳಬೇಕು. ಮಲಗಲು ಅಜ್ಜ ಹೇಳಬೇಕು. ನನ್ನ ಸ್ವಂತ ದನಿಗೆ ಆ ಮನೆಯಲ್ಲಿ ಬೆಲೆ ಹೋಯಿತು. ನಾನು ಎದುರು ಬಂದರೆ "ಯಾರ ಹುಡುಗಪಾ ನೀ?" ಎನ್ನುವಳು. ಮಂಗ್ಯಾ ಎಂದು ಕರೆಯುವುದು ಯಾವಾಗ ನಿಂತಿತೋ ನನಗೆ ನೆನಪಿಲ್ಲ. ನಿಂತದ್ದು ಗೊತ್ತಾಗುವಷ್ಟರಲ್ಲಿ ಎಷ್ಟೋ ದಿನವಾಗಿತ್ತು.

ಆ ದಿನಗಳಲ್ಲಿ ಅವಳಿಗೆ ಇನ್ನೊಂದು ಹಟ ಹತ್ತಿತು. ಹನ್ನೊಂದರ ಸುಮಾರಿಗೆ ಅರಿವೆಯಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು "ಡಿಪೋಕ್ಕ ಬುತ್ತಿ ಕೊಟ್ಟ ಬರ್ತೇನಿ" ಎಂದು ಹೊರಡುವಳು. ನಾನು ಬಾಗಿಲಿಗೆ ಅಡ್ಡ ನಿಲ್ಲುವೆನು. ಒಳಗೆ ಕರೆದು ಕೂಡಿಸುವೆನು. ಹತ್ತು ನಿಮಿಷಕ್ಕೆ ಮತ್ತೆ ಬುತ್ತಿ. ದಿನಕ್ಕೆ ಎಂಟು ಸಲ, ಹತ್ತು ಸಲ. ಮೊದಲು ನಾನು ಇದನ್ನೂ ಆಟ ಮಾಡಿದ್ದೆ. ಕಂಡಕ್ಟರನ ದನಿಯಲ್ಲಿ "ಡಿಪೋ ಸ್ಟಾಪ್ ಇಲ್ಲ, ಇಳೀರಿ, ಇಳೀರಿ" ಎಂದರೆ ನಗುತ್ತಿದ್ದಳು. ನೂರನೆಯ ಸಲಕ್ಕೆ ಕಂಡಕ್ಟರನಿಗೂ ಬೇಸರವಾಗುತ್ತದೆ.

ಅದೊಂದು ದಿನ ಜೋಯಿಡಾ ರಸ್ತೆಯ ರೆಸಾರ್ಟಿನ ಮ್ಯಾನೇಜರ್ ಫೋನ್ ಮಾಡಿದ್ದರು. ಸಂಜೆಯ ಕಾರ್ಯಕ್ರಮ ನಡೆಸುವ ಕೆಲಸ, ಅಲ್ಲೇ ಉಳಿಯಬೇಕು, ಯಾವಾಗ ಬರುತ್ತೀ ಎಂದು ಕೇಳುತ್ತಿದ್ದರು. ನಾನು ಕಿವಿಗೆ ಫೋನ್ ಒತ್ತಿಕೊಂಡು ತಿರುಗಿ ನೋಡಿದರೆ ಆಯಿ ಬುತ್ತಿ ಹಿಡಿದು ರಸ್ತೆಯ ನಡುವೆ ಇದ್ದಾಳೆ. ಎದುರಿಗೆ ಕಟ್ಟಿಗೆ ತುಂಬಿದ ಲಾರಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಓಡಿಹೋಗಿ ಮಣಿಕಟ್ಟು ಹಿಡಿದು ಜಗ್ಗಿದೆ. ರಸ್ತೆಯಿಂದ ಈಚೆ ತರಲು ಜಗ್ಗಿದ್ದು ಸರಿ. ಆದರೆ ಅಂಗಳಕ್ಕೆ ಬಂದ ಮೇಲೂ ಬಿಡಲಿಲ್ಲ. ಬಾಗಿಲು ದಾಟಿದ ಮೇಲೂ ಬಿಡಲಿಲ್ಲ. ಖುರ್ಚಿಯವರೆಗೆ ಜಗ್ಗಿಕೊಂಡು ಹೋಗಿ ಕುಕ್ಕಿದೆ. ಹಾಗೆ ಜಗ್ಗುವಾಗ ನನ್ನ ತೋಳಿಗೆ ಹಿತವಾಗಿತ್ತು. ಬೇರೆ ಏನು ಮರೆಮಾಚಿದರೂ ಇದನ್ನು ಇಲ್ಲಿ ಮರೆಮಾಚಬಾರದು.

ಸಂಜೆ ಅವಳ ಕೈ ಮೇಲೆ ನಾಲ್ಕು ಬೆರಳಿನ ಗುರುತು ಎದ್ದಿತ್ತು. "ಇದೇನೋ?" ಎಂದು ಅವ್ವ ಕೇಳಿದಳು.

"ಬಾಗಲ ಚಿಲಕ ತಾಗೇತಿ."

ಬಾಗಿಲ ಚಿಲಕಕ್ಕೆ ನಾಲ್ಕು ಬೆರಳು ಎಲ್ಲಿಂದ ಬಂದವು ಎಂದು ಅವ್ವ ಕೇಳಲಿಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಸವರಿದಳು.

ಮರುದಿನ ಮಧ್ಯಾಹ್ನ ರೂಢಿಯಂತೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಅಜ್ಜನ ಮಾತು ಹೇಳಿದೆ. ತಾಟು ಎಳೆದುಕೊಂಡ ಸಪ್ಪಳ ಬರಲಿಲ್ಲ.

"ರೀ," ಎಂದಳು ಆಯಿ. "ಒಂದ ಮಾತ ಹೇಳಲ್ಯಾ?"

ಅಜ್ಜನಿದ್ದರೆ ಏನನ್ನುತ್ತಿದ್ದನೋ ಅದನ್ನೇ ಅಂದೆ. "ಹ್ಞೂಂ."

"ಮನ್ಯಾಗ ಒಬ್ಬ ಹುಡುಗ ಇರ್ತಾನಲ್ರಿ. ದಿನಾ ಚೊಲೋನ ಇರ್ತಾನ. ನಿನ್ನೆ ನನ್ನ ಕೈ ಹಿಡದ ಜಗ್ಗಿದಾ. ಭಾಳ ಬ್ಯಾನ್ಯಾತು."

ನಲ್ಲಿಯ ನೀರು ನನ್ನ ಪಾದದ ಮೇಲೆ ಹರಿಯುತ್ತಿತ್ತು.

"ಬೈಬ್ಯಾಡ್ರಿ ಮತ್ತ ಅವಗ. ಯಾರ ಮಗನೋ ಏನೋ. ನೀವು ಮನ್ಯಾಗ ಇದ್ರ ಸಾಕು, ಅವ ಹಂಗ ಮಾಡೂದಿಲ್ಲ."

"ನಾ ಹೇಳ್ತೇನಿ ಅವಗ," ಎಂದೆ.

ಅವಳು ಉಂಡಳು. ನಾನು ಬಚ್ಚಲಲ್ಲೇ ಕೂತಿದ್ದೆ.

ಆಯಿಯನ್ನು ನೋಡಿಕೊಳ್ಳುವುದನ್ನು ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ನಾನು ರೆಸಾರ್ಟಿನ ಕೆಲಸದ ಕಾರಣ ಕೊಟ್ಟಿದ್ದೇನೆ. ವಯಸ್ಸಿನ ಹುಡುಗ, ಎಷ್ಟು ದಿನ ಮನೆಯಲ್ಲಿ ಕೂಡುತ್ತಾನೆ ಎಂದು ಅವರೇ ಮುಂದಿನ ಮಾತು ಪೂರೈಸಿಕೊಳ್ಳುತ್ತಾರೆ. ಬೇಸರ, ನಿದ್ದೆ ಇಲ್ಲದ್ದು, ಗೆಳೆಯರು ಫೋಟೋ ಹಾಕಿದ ಕಡೆಗೆಲ್ಲ ನಾನು ಇಲ್ಲದ್ದು, ಎಲ್ಲವೂ ನಿಜ. ಆದರೆ ಬೇಸರವನ್ನು ಹೇಗೋ ತಡೆದುಕೊಳ್ಳಬಹುದಿತ್ತು. ನನಗೆ ನನ್ನ ಕೈಯ ಹೆದರಿಕೆ ಹತ್ತಿತ್ತು. ಆ ಹೆದರಿಕೆಯನ್ನು ಹೇಳಿಕೊಳ್ಳಲು ನಮ್ಮ ಮನೆಯಲ್ಲಿ ಮಾತಿರಲಿಲ್ಲ. "ಅವ್ವಾ, ನಾ ಆಯಿನ್ನ ಒಂದಿನ ಹೊಡೀತೇನಿ ಅನಸ್ತೈತಿ" ಎಂದರೆ ಅವ್ವ ಅಂಗನವಾಡಿ ಬಿಟ್ಟು ಕೂಡುತ್ತಿದ್ದಳು. ಇಲ್ಲವೇ ಇದೂ ನನ್ನ ಒಂದು ಚೇಷ್ಟೆ ಎಂದು ನಗುತ್ತಿದ್ದಳು. ಎರಡೂ ನನಗೆ ಬೇಡವಾಗಿತ್ತು.

ಅದೇ ವಾರ ಅತ್ತಿ ಬಂದಳು. ಅಪ್ಪನ ಅಕ್ಕ, ಮುಂಡಗೋಡದ ಹತ್ತಿರದ ಹಳ್ಳಿಗೆ ಕೊಟ್ಟಿದ್ದು. ಅವಳ ಮಕ್ಕಳ ಮದುವೆಯಾಗಿತ್ತು, ಮನೆ ಖಾಲಿ. "ಎರಡ ತಿಂಗಳ ಅವ್ವನ ನಾ ಒಯ್ತೇನಿ, ಹುಡುಗಗೂ ಉಸುರ ಹಾಕಾಕ ಆಗ್ತೈತಿ" ಎಂದಳು. ನನ್ನ ಬೆನ್ನ ಮೇಲಿಂದ ಚೀಲ ಇಳಿದಂತಾಯಿತು. ಆದರೆ ಆಯಿ ಒಲ್ಲೆ ಎಂದಳು. ಆ ಹೊತ್ತಿಗೆ ಅವಳಿಗೆ ಎಲ್ಲ ನೆಟ್ಟಗೆ ತಿಳಿದಿತ್ತು.

"ಗಂಡಮಗ ಇರಾಗ ಮಗಳ ಮನ್ಯಾಗ ಕುಂತ ಉಣ್ಣಲ್ಯಾ? ಮಂದಿ ಏನಂದಾರು? ಒಂದ ದಿನಾ ಬಂದ ಹೋಗೂದು ಬ್ಯಾರೆ."

ಅಪ್ಪ ಅವಳ ಎದುರು ಮೊಣಕಾಲೂರಿ ಕೂತು ಕೇಳಿದ. ಒಲ್ಲೆ. ಅತ್ತಿ ಕೇಳಿದಳು. ಒಲ್ಲೆ. ಕೊನೆಗೆ ಅಪ್ಪ ಎದ್ದು, "ಅಕಿ ಒಲ್ಲೆ ಅಂದ್ರ ಕಳಸೂದಿಲ್ಲ. ಬಾಯಿ ಮುಚ್ಚಿಸಿ ಕಳಸಾಕ ಅಕಿ ಏನ ಆಕಳೇನ?" ಎಂದು ಪಾಳಿಗೆ ಹೋದ. ಅತ್ತಿ ಮರುದಿನ ಬೆಳಗಿನ ಬಸ್ಸಿಗೆ ಒಬ್ಬಳೇ ಹೊರಡುವುದೆಂದಾಯಿತು. ಅವ್ವ, ಅತ್ತಿ ಇಬ್ಬರೂ ಸಂತೆಗೆ ಹೋದರು.

ಮನೆಯಲ್ಲಿ ಆಯಿ ಮತ್ತು ನಾನು. ನಾನು ಬಚ್ಚಲಿಗೆ ಹೋದೆ. ಆ ಹೊತ್ತು ಊಟದ್ದಲ್ಲ. ನಲ್ಲಿ ಬಿಟ್ಟೆ, ಗಂಟಲು ಕೆರೆದೆ. ಮಾಡುವುದು ಏನೆಂದು ಗೊತ್ತಿತ್ತು. ಗೊತ್ತಿಲ್ಲದೆ ಬಾಯಿಂದ ಬಂತು ಎಂದು ಹೇಳಲಾರೆ.

"ಏ, ಕೇಳಿದೇನ?"

"ಏನಂದ್ರಿ?"

"ಮಗಳ ಜೋಡಿ ಮುಂಡಗೋಡಕ್ಕ ಹೋಗು. ನಾ ಹೇಳಿದ್ನಲ್ಲ."

ಒಲ್ಲೆ ಎನ್ನಲಿ ಎಂದು ನನಗೆ ಒಂದು ಕ್ಷಣ ಅನಿಸಿತು. ಮಗನಿಗೆ, ಮಗಳಿಗೆ ಅಂದಂತೆ ಗಂಡನಿಗೂ ಅನ್ನಬಹುದಿತ್ತು.

"ಆತ್ರಿ," ಎಂದಳು.

ಅಪ್ಪ ಪಾಳಿಯಿಂದ ಬಂದಾಗ ಅವಳು ತನ್ನ ಎರಡು ಸೀರೆ, ವಿಭೂತಿಗಟ್ಟಿ, ಪೂಜೆಯ ಬಟ್ಟಲು, ಬಾಚಣಿಗೆ ಎಲ್ಲ ಗಂಟು ಕಟ್ಟಿಕೊಂಡು ಬಾಗಿಲ ಹತ್ತಿರ ಕೂತಿದ್ದಳು. "ಹೋಗ್ತೇನೋ ತಮ್ಮಾ" ಎಂದಳು ಅಪ್ಪನಿಗೆ. ಅಪ್ಪನ ಮುಖದ ಮೇಲೆ ಬಂದ ನಿರಾಳವನ್ನು ನಾನು ನೋಡಿದೆ. ಅವನಿಗೂ ಬೇಕಾಗಿತ್ತು, ಕೇಳಿ ಪಡೆಯುವ ಮನಸ್ಸಿರಲಿಲ್ಲ, ಅಷ್ಟೇ. "ತಾನ ಒಪ್ಪಿದ್ಲು ನೋಡು, ಎಷ್ಟ ಶಾಣ್ಯಾಕಿ" ಎಂದು ಅವ್ವನಿಗೆ ಹೇಳಿದ. ನಾನು ಗಂಟು ಎತ್ತಿಕೊಂಡೆ.

ಮೂರನೆಯ ದಿನ ನಾನು ಜೋಯಿಡಾಕ್ಕೆ ಹೊರಡಲು ಬಟ್ಟೆ ಮಡಚುತ್ತಿದ್ದಾಗ ಅತ್ತಿಯ ಫೋನ್ ಬಂತು.

"ಏನೋ, ನಿಮ್ಮಾಯಿ ಊಟಾನ ಮಾಡವಲ್ಲಳು. ಬರೇ ಹಾಲಿನ ಮ್ಯಾಲೆ ಅದಾಳ. ಅವರದಾಗ್ಲಿ, ಅವರದಾಗ್ಲಿ ಅಂತಾಳ. ಅಲ್ಲೆ ಹೆಂಗ ಉಣಸ್ತಿದ್ರಿ?"

"ಸ್ವಲ್ಪ ರಂಬಿಸಬೇಕತ್ತಿ."

"ರಂಬಿಸೀನೋ. ನನ್ನ ಮಕ್ಕಳನ್ನೂ ಇಷ್ಟ ರಂಬಿಸಿಲ್ಲ. ಬಾಯಾಗ ತುತ್ತ ಇಟ್ರ ಉಗಳಿದ್ಲು."

ಇದು ನನಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಂಬಬೇಕು. ಅವಳನ್ನು ಕಳಿಸುವಾಗ ಸೀರೆ, ಗುಳಿಗೆ, ಕೋಲು ಎಲ್ಲ ನೆನಪಿಟ್ಟು ಕಳಿಸಿದ್ದೆವು. ಅವಳು ಉಣ್ಣುವುದು ಯಾವ ಮಾತಿನ ಮೇಲೆ ಎಂಬುದನ್ನು ಅತ್ತಿಗೆ ಹೇಳಬೇಕಾದವನು ನಾನು, ಹೇಳಿದರೆ ಉಳಿದದ್ದೂ ಹೊರಗೆ ಬೀಳುತ್ತಿತ್ತು. ಅವ್ವನೂ ಸುಮ್ಮನಿದ್ದಳು. ಯಾಕೆ ಸುಮ್ಮನಿದ್ದಳೆಂದು ನಾನು ಇವತ್ತಿಗೂ ಕೇಳಿಲ್ಲ.

ಹಳಿಯಾಳದಲ್ಲಿ ಬಸ್ ಬದಲಿಸಿ ಮುಂಡಗೋಡ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅತ್ತಿಯ ಅಡುಗೆಮನೆಯಲ್ಲಿ ಆಯಿ ತಾಟಿನ ಮುಂದೆ ಕೂತಿದ್ದಳು. ಮೂರು ದಿನಕ್ಕೆ ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿ, "ಬಾಪಾ, ಕೂಡು. ಯಾವೂರಂದಿ?" ಎಂದಳು.

ನಾನು ಅತ್ತಿಗೆ, "ನೀ ಒಳಗ ಸುಮ್ನ ನಿಂದ್ರು" ಎಂದು ಹೇಳಿ ಬಚ್ಚಲಿಗೆ ಹೋದೆ. ಇಲ್ಲಿ ನಲ್ಲಿ ಇರಲಿಲ್ಲ, ಹಂಡೆ ಇತ್ತು. ತಂಬಿಗೆಯಿಂದ ನೀರು ಸುರಿದು ಹೇಳಿದೆ.

"ನಂದಾತು, ನೀ ಉಣ್ಣು."

ಮೊದಲು ಕೇಳಿಸಿದ್ದು ಅತ್ತಿಯ ಕೈಯಿಂದ ಸೌಟು ಬಿದ್ದದ್ದು. ಅವಳ ಅಪ್ಪನ ದನಿ ಅದು. ತೀರಿಕೊಂಡ ಮೇಲೆ ಅವಳು ಒಮ್ಮೆಯೂ ಕೇಳಿರಲಿಲ್ಲ. ಆಮೇಲೆ ತಾಟಿನ ಸಪ್ಪಳ. ಆಯಿ ಅನ್ನ ಕಲಸಿ ಗಬಗಬ ಉಂಡಳು, ನಡುವೆ ಸಾರು ಕೇಳಿದಳು. ಅತ್ತಿ ಅಳುತ್ತಲೇ ಬಡಿಸಿದಳು.

ಉಂಡಾದ ಮೇಲೆ ಆಯಿ ಬಚ್ಚಲ ಕಡೆಗೆ ಮುಖ ಮಾಡಿದಳು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು.

"ರೀ. ನೀವ ಕಳಸೀರಿ ಅಂತ ಬಂದೇನಿ. ಇಲ್ಲೆ ನನಗ ಸೇರವಲ್ದು. ಮನಿಗೆ ಕರಕೊಂಡ ಹೋಗ್ರಿ."

ಅತ್ತಿ ನನ್ನ ಕಡೆ ತಿರುಗಿದಳು. ಒಲ್ಲೆ ಎಂದವಳು ಯಾರ ದನಿಗೆ ಹೊರಟು ಬಂದಳೆಂದು ಅವಳಿಗೆ ಆಗಲೇ ತಿಳಿಯಿತು. ಆ ಹೊತ್ತಿನಲ್ಲಿ ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು: ನಡಿ, ಹೋಗೂಣು. ಸಂಜೆ ಬಸ್ಸಿತ್ತು. ಗಂಟು ಹೊರುವಷ್ಟು ಶಕ್ತಿ ನನಗಿತ್ತು. ರೆಸಾರ್ಟಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ನಾನು ನನ್ನ ಬಲಗೈ ನೋಡಿಕೊಂಡೆ, ಅದರಲ್ಲಿ ತಂಬಿಗೆ ಇತ್ತು.

"ಇಲ್ಲೇ ಇರು," ಎಂದೆ, ಅಜ್ಜನ ದನಿಯಲ್ಲಿ.

"ಎಷ್ಟ ದಿನಾರೀ?"

ನಾನು ಇನ್ನೊಂದು ತಂಬಿಗೆ ನೀರು ಸುರಿದೆ. ಅವಳು ಬಾಯಿ ಒರೆಸಿಕೊಂಡು, "ಆತ್ರಿ" ಎಂದಳು.

ಹಿತ್ತಲಿನಲ್ಲಿ ಅತ್ತಿ ನನ್ನ ಕೈಗೆ ತನ್ನ ಮೊಬೈಲ್ ಕೊಟ್ಟಳು. ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಇಬ್ಬರಿಗೂ ಹಗುರಾಗುತ್ತಿತ್ತು.

"ಇದರಾಗ ಅಪ್ಪನ ದನಿ ಹಾಕಿ ಹೋಗು. ಉಣ್ಣೂದು, ಗುಳಿಗಿ ನುಂಗೂದು, ಮಲಗೂದು. ಮೂರೂ ಬ್ಯಾರೆ ಬ್ಯಾರೆ ಹಾಕು, ನನಗ ಒತ್ತಾಕ ಬರ್ಬೇಕು."

"ಅತ್ತಿ, ಅದು..."

"ನಿನ್ನ ಏನ ಕೇಳೂದಿಲ್ಲ ನಾ. ಅವ್ವ ಉಣಬೇಕು. ಹಾಕು."

ಎಮ್ಮೆಯ ಗೊಂತಿನ ಹತ್ತಿರ ನಿಂತು ಹಾಕಿದೆ. ಮೊದಲ ಸಲ ದನಿ ಒಡೆಯಿತು, ಎರಡನೆಯ ಸಲ ಎಮ್ಮೆ ಕೂಗಿತು, ಮೂರನೆಯದು ಸರಿಬಂತು. ಅತ್ತಿ ಕಿವಿಗೆ ಹಿಡಿದು ಕೇಳಿ, ತನ್ನ ಅಪ್ಪನನ್ನು ಸೆರಗಿನ ಗಂಟಿಗೆ ಹಾಕಿಕೊಂಡು ಒಳಗೆ ಹೋದಳು.

ಈಗ ನಾನು ರೆಸಾರ್ಟಿನಲ್ಲಿದ್ದೇನೆ. ಸಂಜೆ ಕೆಂಡದ ಸುತ್ತ ಕೂತ ಅತಿಥಿಗಳನ್ನು ನಗಿಸುತ್ತೇನೆ, ಅವರಲ್ಲೇ ಒಬ್ಬರ ದನಿ ತೆಗೆದು ಅವರಿಗೇ ಒಪ್ಪಿಸುತ್ತೇನೆ. ಕೆಲಸ ಚೆನ್ನಾಗಿದೆ. ಊಟ ಚೆನ್ನಾಗಿದೆ. ನಿದ್ದೆ ಬರುತ್ತದೆ, ಅದಕ್ಕೇ ಒಮ್ಮೊಮ್ಮೆ ನಾಚಿಕೆಯಾಗುತ್ತದೆ. ಆಯಿ ಅತ್ತಿಯ ಮನೆಯಲ್ಲಿ ಮೂರು ಹೊತ್ತು ಉಣ್ಣುತ್ತಾಳಂತೆ, ಕೆನ್ನೆ ತುಂಬಿದೆಯಂತೆ. ನಾನು ನೋಡಲು ಹೋಗಿಲ್ಲ. ಹೋದರೆ ಅವಳು ಮತ್ತೆ ಬಚ್ಚಲ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿಯಾಳು ಎಂದು ಹೆದರಿಕೆ.

ಅತ್ತಿ ಹೇಳಿದ್ದು ಎರಡು ತಿಂಗಳು. ಇದು ಐದನೆಯದು. ವಾರದ ರಜೆಗೆ ಮನೆಗೆ ಹೋದಾಗ ಅಪ್ಪ ಉಣ್ಣುತ್ತ, ತಲೆ ಎತ್ತದೆ, ಪ್ರತಿ ಸಲವೂ ಕೇಳುತ್ತಾನೆ.

"ಅವ್ವನ ಕರಕೊಂಡ ಬರೂಣೇನೋ? ನೀ ಏನಂತಿ?"

ಅವನು ನನ್ನನ್ನೇ ಯಾಕೆ ಕೇಳುತ್ತಾನೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಅವಳು ಬಂದರೆ ನೋಡಿಕೊಳ್ಳಬೇಕಾದವನು ನಾನು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಾಳೆ.

"ಅಲ್ಲೇ ಆರಾಮ ಅದಾಳಲ್ಲಪ್ಪಾ," ಎನ್ನುತ್ತೇನೆ.

ಇದನ್ನು ಹೇಳಲು ನಾನು ಯಾರ ದನಿಯನ್ನೂ ತೆಗೆಯುವುದಿಲ್ಲ. ಅಪ್ಪ "ಹ್ಞೂಂ" ಎಂದು ತಾಟಿನಲ್ಲೇ ಕೈ ತೊಳೆದು ಏಳುತ್ತಾನೆ. ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಮತ್ತೆ ಶುರುವಾಗುತ್ತದೆ.